ಮತ ಬದಲಿಸಿದ್ದು ಶಾಲೆಯಲ್ಲ

ಮಿಷನರಿಗಳು ಅಕ್ಷರ ಕಲಿಸಿದ್ದು ಮತಾಂತರಕ್ಕಾಗಿ; ಅವರ ಶಾಲೆ ಹಿಂದೂ ಸಮಾಜದ ಮೇಲೆ ಬೀಸಿದ ಬಲೆ; ಅದಕ್ಕೆ ಸಿಕ್ಕಿಬಿದ್ದವರು ಏನೂ ಅರಿಯದ ಮುಗ್ಧರು. ಈ ಮಾತು ಈಗ ನಮ್ಮಲ್ಲಿ ಯಾರೂ ಸಾಧಿಸಿ ತೋರಿಸಬೇಕಾದ ವಾದವಾಗಿ ಉಳಿದಿಲ್ಲ. ವೇದಿಕೆಯ ಭಾಷಣದಲ್ಲಿ, ಪತ್ರಿಕೆಯ ಅಂಕಣದಲ್ಲಿ, ಮದುವೆಮನೆಯ ಹರಟೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ ಬಂದುಹೋಗುತ್ತದೆ. 2008ರಲ್ಲಿ ಎಸ್. ಎಲ್. ಭೈರಪ್ಪನವರು ‘ವಿಜಯ ಕರ್ನಾಟಕ’ದಲ್ಲಿ ಮತಾಂತರದ ಬಗ್ಗೆ ದೀರ್ಘ ಲೇಖನ ಬರೆದಾಗ ನಾಡಿನಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಅದಕ್ಕೂ ಮುಂಚೆ, ಅದರ ನಂತರ, ಇಂಥ ಚರ್ಚೆಗಳು ಎಷ್ಟೋ ನಡೆದಿವೆ. ಪಾದ್ರಿಯನ್ನು ಬೈಯುವವರೂ ಪಾದ್ರಿಯ ಬಗ್ಗೆಯೇ ಮಾತಾಡುತ್ತಾರೆ, ಹೊಗಳುವವರೂ ಪಾದ್ರಿಯ ಬಗ್ಗೆಯೇ ಮಾತಾಡುತ್ತಾರೆ. ಮತ ಬದಲಿಸಿದ ಮನುಷ್ಯ ಏಕೆ ಬದಲಿಸಿದ ಎಂದು ಕೇಳುವವರು ಕಡಿಮೆ.

ನಾನು ಹಿಂದೂ. ಈ ಧರ್ಮದಲ್ಲಿ ಹುಟ್ಟಿದ್ದೇನೆ, ಇದರಲ್ಲೇ ಬಾಳುತ್ತೇನೆ, ಬಿಡುವ ಯೋಚನೆ ಇಲ್ಲ. ಆದ್ದರಿಂದಲೇ ಈ ಮಾತನ್ನು ಕೇಳಿ ಸುಮ್ಮನಿರಲಾಗುತ್ತಿಲ್ಲ. ಇದು ಚರಿತ್ರೆಗೆ ಒಪ್ಪದ ಮಾತು, ಮತ ಬದಲಿಸಿದವರಿಗೆ ಮಾಡುವ ಅವಮಾನ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೂಗಳಾದ ನಾವು ನಮ್ಮ ಕಡೆ ನೋಡಿಕೊಳ್ಳದಂತೆ ಇದು ಅಡ್ಡ ನಿಂತಿದೆ.

ಮಿಷನರಿಗಳ ಉದ್ದೇಶದ ಬಗ್ಗೆ ನನಗೇನೂ ತಕರಾರಿಲ್ಲ. ಅವರು ಬಂದದ್ದು ಕ್ರೈಸ್ತರನ್ನು ಮಾಡಲಿಕ್ಕೇ, ಅದನ್ನು ಅವರು ಮುಚ್ಚಿಡಲೂ ಇಲ್ಲ. 1830ರಲ್ಲಿ ಕಲ್ಕತ್ತೆಯಲ್ಲಿ ಶಾಲೆ ತೆರೆದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಡಫ್‌ನ ಲೆಕ್ಕ ಸ್ಪಷ್ಟವಾಗಿತ್ತು: ಮೇಲ್ಜಾತಿಯ ಹುಡುಗರಿಗೆ ಇಂಗ್ಲಿಷ್, ಹೊಸ ವಿಜ್ಞಾನ, ಬೈಬಲ್ ಮೂರನ್ನೂ ಒಟ್ಟಿಗೆ ಕಲಿಸಿದರೆ ಹಿಂದೂ ಧರ್ಮ ಒಳಗಿನಿಂದಲೇ ಕುಸಿಯುತ್ತದೆ. ಮೆಕಾಲೆ 1836ರಲ್ಲಿ ತನ್ನ ತಂದೆಗೆ ಬರೆದ ಪತ್ರದಲ್ಲಿ, ಇಂಗ್ಲಿಷ್ ಶಿಕ್ಷಣ ಮುಂದುವರಿದರೆ ಮೂವತ್ತು ವರ್ಷದಲ್ಲಿ ಬಂಗಾಳದ ಗೌರವಸ್ಥರಲ್ಲಿ ಒಬ್ಬ ವಿಗ್ರಹಾರಾಧಕನೂ ಉಳಿಯುವುದಿಲ್ಲ ಎಂಬ ನಂಬಿಕೆ ತೋಡಿಕೊಂಡಿದ್ದ. ಈ ಪತ್ರವನ್ನು ನಮ್ಮ ಭಾಷಣಕಾರರು ಇಂದಿಗೂ ಎತ್ತಿ ಆಡುತ್ತಾರೆ. ಆ ಮೂವತ್ತು ವರ್ಷ ಕಳೆದ ಮೇಲೆ ಏನಾಯಿತು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಆದದ್ದು ಇಷ್ಟು. ಡಫ್ ಕಟ್ಟಿದ ಸಂಸ್ಥೆಯಲ್ಲಿ 1880ರ ಹೊತ್ತಿಗೆ ನರೇಂದ್ರನಾಥ ದತ್ತ ಎಂಬ ಯುವಕ ಓದಿದ. ಅವನೇ ಮುಂದೆ ಸ್ವಾಮಿ ವಿವೇಕಾನಂದನಾದ. ಸರ್ವಪಲ್ಲಿ ರಾಧಾಕೃಷ್ಣನ್ ತಿರುಪತಿ, ವೆಲ್ಲೂರು, ಮದರಾಸು ಮೂರೂ ಕಡೆ ಮಿಷನ್ ಸಂಸ್ಥೆಗಳಲ್ಲೇ ಓದಿದರು. ಹಿಂದೂ ಧರ್ಮಕ್ಕೆ ನೀತಿಶಾಸ್ತ್ರವಿಲ್ಲ ಎಂಬ ಕ್ರೈಸ್ತ ಟೀಕೆ ಕೇಳಿ ಕೇಳಿ ಬೇಸತ್ತು, ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲೇ ಕುಳಿತು, ವೇದಾಂತದ ನೀತಿಯನ್ನು ಸಮರ್ಥಿಸುವ ಪ್ರಬಂಧ ಬರೆದರು. ಕುವೆಂಪು ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನ ವಿದ್ಯಾರ್ಥಿ; ಅವರ ಮನಸ್ಸು ಬೆಳೆದದ್ದು ರಾಮಕೃಷ್ಣಾಶ್ರಮದ ನೆರಳಿನಲ್ಲಿ. ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ ಓದಿದ ಜೋತಿಬಾ ಫುಲೆ ಜಾತಿ ವ್ಯವಸ್ಥೆಯ ಮೇಲೆ ಬಿದ್ದರು, 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು, ಆದರೆ ಕ್ರೈಸ್ತರಾಗಲಿಲ್ಲ. ಇವರು ಅಪವಾದಗಳಲ್ಲ, ಇದೇ ಸಾಮಾನ್ಯ ಕಥೆ. ಮಿಷನ್ ಶಾಲೆಯ ಬೆಂಚಿನ ಮೇಲೆ ಕುಳಿತು ಬೈಬಲ್ ಕಂಠಪಾಠ ಮಾಡಿ, ಮನೆಗೆ ಬಂದು ಸಂಧ್ಯಾವಂದನೆ ಮಾಡಿದ ಲಕ್ಷಾಂತರ ಹುಡುಗರು ಗುಮಾಸ್ತರಾದರು, ವಕೀಲರಾದರು, ಅಮಲ್ದಾರರಾದರು.

ಮತ ಬದಲಿಸಿದ ಮೇಲ್ಜಾತಿಯ ವಿದ್ಯಾವಂತರು ಇರಲಿಲ್ಲವೆಂದಲ್ಲ. ಕಲ್ಕತ್ತೆಯಲ್ಲಿ 1832ರಲ್ಲಿ ಕೃಷ್ಣಮೋಹನ ಬ್ಯಾನರ್ಜಿ, 1843ರಲ್ಲಿ ಮೈಕೇಲ್ ಮಧುಸೂದನ ದತ್ತ, ಮಂಗಳೂರಿನಲ್ಲಿ 1844ರಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯ ಆನಂದರಾವ್ ಕೌಂಡಿನ್ಯ. ಹೀಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಹೇಳಬಹುದಾಗಿದೆ ಎಂಬುದನ್ನೇ ಗಮನಿಸಬೇಕು. ಕೌಂಡಿನ್ಯರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್‌ರ ಬಳಿ ಕಲಿತವರು. ‘ಮಂಗಳೂರ ಸಮಾಚಾರ’ ಹೊರಡಿಸಿದ ಅದೇ ಮೋಗ್ಲಿಂಗ್. ದೀಕ್ಷಾಸ್ನಾನದ ನಂತರ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಹಿಂದಿರುಗಿದರು. ಅವರಿಗೆ ಸಿಕ್ಕಿದ್ದೇನು ಎಂಬುದಕ್ಕಿಂತ ಅವರು ಕಳೆದುಕೊಂಡದ್ದು ಏನು ಎಂಬುದೇ ದೊಡ್ಡದು: ಕುಲ, ಮನೆ, ಊರಿನ ಮರ್ಯಾದೆ. ಆ ಕಾಲದಲ್ಲಿ ಮತ ಬಿಟ್ಟವನಿಗೆ ಪಿತ್ರಾರ್ಜಿತದಲ್ಲಿ ಪಾಲೂ ಇರಲಿಲ್ಲ. ಆ ಹಕ್ಕನ್ನು ಕಾಪಾಡುವ ಕಾನೂನು ದೇಶಕ್ಕೆಲ್ಲ ಅನ್ವಯವಾದದ್ದು 1850ರಲ್ಲಿ. ಆಮಿಷ ಎಂಬ ಮಾತನ್ನು ಕೌಂಡಿನ್ಯರ ಮುಂದೆ ಆಡಲು ಯಾರಿಗೆ ಬಾಯಿ ಬರುತ್ತದೆ?

ಇಂಥ ಒಂದು ಮತಾಂತರ ನಡೆದರೆ ಶಾಲೆಯೇ ಖಾಲಿಯಾಗುತ್ತಿತ್ತು. 1839ರಲ್ಲಿ ಮುಂಬಯಿಯಲ್ಲಿ ಜಾನ್ ವಿಲ್ಸನ್‌ರ ಶಾಲೆಯಲ್ಲಿ ಇಬ್ಬರು ಪಾರ್ಸಿ ಯುವಕರು ಕ್ರೈಸ್ತರಾದಾಗ ಪೋಷಕರು ಸಾಲುಸಾಲಾಗಿ ಮಕ್ಕಳನ್ನು ಬಿಡಿಸಿಕೊಂಡರು. ಸ್ವಲ್ಪ ಕಾಲ ಕಳೆದ ಮೇಲೆ ಮಕ್ಕಳು ಮತ್ತೆ ಬಂದರು, ಏಕೆಂದರೆ ಇಂಗ್ಲಿಷ್ ಬೇಕಿತ್ತು, ಇಂಗ್ಲಿಷಿನ ಹಿಂದೆ ಸರ್ಕಾರಿ ನೌಕರಿ ಇತ್ತು. ಮಗ ಕೆಡುವ ಅಪಾಯವನ್ನೂ ನೌಕರಿಯ ಲಾಭವನ್ನೂ ತೂಗಿ ನೋಡಿಯೇ ಮೇಲ್ಜಾತಿಯ ತಂದೆಯಂದಿರು ಮಿಷನ್ ಶಾಲೆಯ ಫೀಸು ಕಟ್ಟಿದರು. 1854ರ ವುಡ್ ವರದಿಯ ನಂತರ ಮಿಷನ್ ಶಾಲೆಗಳಿಗೆ ಸರ್ಕಾರದ ಅನುದಾನವೂ ಬರತೊಡಗಿತು. ಪರೀಕ್ಷೆಯ ಫಲಿತಾಂಶ, ಹಾಜರಿ, ತಪಾಸಣೆ ಮುಖ್ಯವಾದವು. ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ವಿಲಿಯಂ ಮಿಲ್ಲರ್, ತನ್ನ ಕಾಲೇಜಿನ ಗುರಿ ದೀಕ್ಷಾಸ್ನಾನಗಳ ಸಂಖ್ಯೆಯಲ್ಲ, ಸಮಾಜದ ವಿಚಾರದಲ್ಲಿ ಕ್ರೈಸ್ತ ಮೌಲ್ಯಗಳನ್ನು ಹರಡುವುದು ಎಂದು ಬಹಿರಂಗವಾಗಿಯೇ ವಾದಿಸಿದ. ಇಷ್ಟು ಹಣ ಸುರಿದು ಹಿಂದೂಗಳಿಗೆ ಡಿಗ್ರಿ ಹಂಚುತ್ತಿದ್ದೀರಿ ಎಂದು ಇತರ ಮಿಷನರಿಗಳೇ ಇಂಥ ಕಾಲೇಜುಗಳನ್ನು ದೂರಿದರು. ಬಲೆ ಬೀಸಿದವರೇ ಬಲೆಗೆ ಏನೂ ಬೀಳುತ್ತಿಲ್ಲವೆಂದು ಒಪ್ಪಿಕೊಂಡದ್ದು ನಮಗೆ ಇನ್ನೂ ತಿಳಿಯದಿರುವುದು ಆಶ್ಚರ್ಯ.

ಈಗ ಮುಖ್ಯ ಮಾತಿಗೆ ಬರುತ್ತೇನೆ. 1830ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ಜಾನ್ ಆಂಡರ್ಸನ್ ಎಂಬ ಮಿಷನರಿಯ ಶಾಲೆ ಚೆನ್ನಾಗಿ ನಡೆಯುತ್ತಿತ್ತು. ಬ್ರಾಹ್ಮಣ, ಮೊದಲಿಯಾರ್, ಚೆಟ್ಟಿಯಾರ್ ಮನೆಗಳ ಹುಡುಗರು ಅಲ್ಲಿ ದಿನವೂ ಬೈಬಲ್ ಪಾಠ ಕೇಳುತ್ತಿದ್ದರು. ಒಂದು ದಿನ ಆ ಶಾಲೆಯಲ್ಲಿ ಪರಯ ಹುಡುಗರು ಕುಳಿತಿದ್ದಾರೆಂದು ಗೊತ್ತಾಯಿತು. ಅವರನ್ನು ಹೊರಹಾಕಿ ಎಂದು ಪೋಷಕರು ಕೇಳಿದರು, ಆಂಡರ್ಸನ್ ಒಪ್ಪಲಿಲ್ಲ. ಎಷ್ಟೋ ಮಕ್ಕಳು ಶಾಲೆ ಬಿಟ್ಟು ಹೋದರು. ಏಸುವಿನ ಕಥೆ ಕೇಳಿದರೆ ಕೆಡದ ಜಾತಿ, ಪರಯ ಹುಡುಗ ಪಕ್ಕದಲ್ಲಿ ಕುಳಿತರೆ ಕೆಟ್ಟಿತು. ನಮ್ಮ ಹಿರಿಯರಿಗೆ ನಿಜವಾಗಿ ಭಯ ಇದ್ದದ್ದು ಯಾವುದರ ಬಗ್ಗೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಘಟನೆ ನನಗೆ ತಿಳಿಯದು.

ಮದರಾಸು ದೂರವಾಯಿತೆಂದರೆ ಧಾರವಾಡಕ್ಕೆ ಬರೋಣ. 1856ರ ಜೂನಿನಲ್ಲಿ ಒಬ್ಬ ಮಹಾರ್ ಹುಡುಗನ ಪರವಾಗಿ ಮುಂಬಯಿ ಸರ್ಕಾರಕ್ಕೆ ಅರ್ಜಿ ಹೋಯಿತು. ಅವನು ಫೀಸು ಕೊಡಲು ಸಿದ್ಧನಿದ್ದ, ಆದರೆ ಧಾರವಾಡದ ಸರ್ಕಾರಿ ಶಾಲೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಅದು ಮಿಷನ್ ಶಾಲೆಯಲ್ಲ, ಸರ್ಕಾರದ ಶಾಲೆ. ಅಲ್ಲಿ ಪ್ರಾರ್ಥನೆಯಿಲ್ಲ, ಬೈಬಲ್ಲಿಲ್ಲ, ಮತಾಂತರದ ಮಾತೇ ಇಲ್ಲ. ಮುಂಬಯಿ ಸರ್ಕಾರ ಕೊಟ್ಟ ಉತ್ತರದ ಸಾರ ಇದು: ಒಬ್ಬನಿಗಾಗಿ ಅವನನ್ನು ಜಾತಿಯ ಹುಡುಗರ ನಡುವೆ ಒತ್ತಾಯದಿಂದ ಕೂರಿಸಿದರೆ ಶಾಲೆಯೇ ನಿರುಪಯೋಗಿಯಾದೀತು. ಮೇಲಿನ ಅಧಿಕಾರಿಗಳು ಇದನ್ನು ಒಪ್ಪಲಿಲ್ಲ. 1858ರಲ್ಲಿ ಸರ್ಕಾರಿ ಶಾಲೆಗಳು ಎಲ್ಲರಿಗೂ ತೆರೆದಿವೆ ಎಂದು ಇಂಗ್ಲೆಂಡಿನಿಂದ ಆದೇಶ ಬಂತು. ಆದೇಶ ಬಂದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. ಎಷ್ಟೋ ಊರುಗಳಲ್ಲಿ ಮುಂದಿನ ಐವತ್ತು, ಅರವತ್ತು ವರ್ಷ ದಲಿತ ಮಗು ಶಾಲೆಯ ಜಗಲಿಯ ಹೊರಗೆ ಕುಳಿತೇ ಪಾಠ ಕೇಳಿತು. ಬಾಬಾಸಾಹೇಬ ಅಂಬೇಡ್ಕರರು ಬಾಲ್ಯದಲ್ಲಿ ಗೋಣಿತಟ್ಟಿನ ಮೇಲೆ ಕುಳಿತು ಕಲಿತದ್ದು ಈ ಧಾರವಾಡದ ಅರ್ಜಿ ಹೋಗಿ ಸುಮಾರು ನಾಲ್ಕು ದಶಕ ಕಳೆದ ಮೇಲೆ. ಈ ಪ್ರಕರಣವನ್ನು ದಾಖಲೆಯಿಂದ ಎತ್ತಿ ನಮ್ಮ ಕಣ್ಣ ಮುಂದಿಟ್ಟವರೂ ಅವರೇ.

ಆ ಹುಡುಗನ ಹೆಸರೂ ನಮಗೆ ಉಳಿದಿಲ್ಲ. ಅವನಂಥವನನ್ನು ಮುಂದೊಂದು ದಿನ ಒಬ್ಬ ಪಾದ್ರಿ ಒಳಗೆ ಕರೆದಿದ್ದರೆ, ಅವನು ಹೋಗಿದ್ದರೆ, ಅದು ಪಾದ್ರಿಯ ಕುತಂತ್ರವೆಂದು ನಾವು ಇಂದು ಭಾಷಣ ಮಾಡುತ್ತಿದ್ದೆವು. ಹೊರಗೆ ನಿಲ್ಲಿಸಿದವರ ಹೆಸರು ಆ ಭಾಷಣದಲ್ಲಿ ಬರುತ್ತಿರಲಿಲ್ಲ.

ಹೆಚ್ಚಿನ ಸಂಖ್ಯೆಯಲ್ಲಿ ಮತ ಬದಲಿಸಿದವರು ಯಾರು ಎಂದು ನೋಡಿದರೆ, ಅವರಲ್ಲಿ ಬಹುಮಂದಿ ಶಾಲೆಯ ಮುಖವನ್ನೇ ಕಂಡಿರಲಿಲ್ಲ. ಆಂಧ್ರದ ಒಂಗೋಲಿನ ಸೀಮೆಯಲ್ಲಿ ಚರ್ಮದ ವ್ಯಾಪಾರ ಮಾಡುತ್ತಿದ್ದ ಯೆರ್ರಗುಂಟ್ಲ ಪೆರಯ್ಯ ಎಂಬ ಮಾದಿಗ ಹಿರಿಯನನ್ನು ಯಾವ ಪಾದ್ರಿಯೂ ಹುಡುಕಿಕೊಂಡು ಹೋಗಲಿಲ್ಲ, ಅವನೇ ಪಾದ್ರಿಯನ್ನು ಹುಡುಕಿಕೊಂಡು ಹೋದ. ಅದಕ್ಕೂ ಮುಂಚೆ ಅವನು ಯೋಗಮಾರ್ಗದಲ್ಲಿ ನಡೆದವನು, ಗುರುವಿನ ಸೇವೆ ಮಾಡಿದವನು. 1866ರಲ್ಲಿ ಅವನು ಕ್ರೈಸ್ತನಾದ. ನಂತರ ಹಳ್ಳಿಹಳ್ಳಿ ತಿರುಗಿ ತನ್ನವರಿಗೆ ಬೋಧಿಸಿದ. 1876ರಿಂದ 1878ರವರೆಗಿನ ಘೋರ ಬರಗಾಲದಲ್ಲಿ ಅಲ್ಲಿಯ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗದ ಗುತ್ತಿಗೆ ಹಿಡಿದು ಜನರಿಗೆ ಕೂಲಿ ಒದಗಿಸಿದ. ಅನ್ನಕ್ಕಾಗಿ ಕ್ರೈಸ್ತರಾದರು ಎಂಬ ಮಾತು ಬರಬಾರದೆಂದು ಬರಗಾಲದುದ್ದಕ್ಕೂ ದೀಕ್ಷಾಸ್ನಾನ ನಿಲ್ಲಿಸಿದ. ಪರಿಹಾರದ ಕೆಲಸ ಮುಗಿದ ಮೇಲೆ, 1878ರ ಜುಲೈ 3ರಂದು, ಒಂದೇ ದಿನ 2,222 ಮಂದಿ ನದಿಯಲ್ಲಿ ಮುಳುಗಿ ಎದ್ದರು. ಊಟ ಸಿಗುವಾಗ ಅಲ್ಲ, ಊಟದ ಋಣ ತೀರಿದ ಮೇಲೆ. ಅವರಿಗೆ ಬೇಕಾದದ್ದು ಗಂಜಿಯಷ್ಟೇ ಆಗಿದ್ದರೆ ಅದು ಈಗಾಗಲೇ ಸಿಕ್ಕಿತ್ತು. ಹೆಣ ಹೊರುವ, ಸತ್ತ ದನ ಎಳೆಯುವ, ದೊಡ್ಡವರ ಎದುರು ಬಾಗಿ ನಿಲ್ಲುವ ಬದುಕಿನಿಂದ ಎದ್ದು ನಿಲ್ಲುವ ದಾರಿ ಅವರಿಗೆ ಕಂಡಿತು.

ನಮ್ಮ ಕರಾವಳಿಯ ಬಾಸೆಲ್ ಮಿಷನ್ನಿನ ಕಾರ್ಖಾನೆಗಳ ಬಗ್ಗೆಯೂ ಇದೇ ತಪ್ಪು ತಿಳಿವಳಿಕೆ. ಕೆಲಸದ ಆಸೆ ತೋರಿಸಿ ಮತಾಂತರಿಸಿದರು ಎನ್ನುತ್ತಾರೆ. ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಮತ ಬಿಟ್ಟವನನ್ನು ಒಕ್ಕಲಿನಿಂದ ಎಬ್ಬಿಸುತ್ತಿದ್ದರು, ಜಾತಿಯ ಕಸುಬು ತಪ್ಪುತ್ತಿತ್ತು. ಬಿಲ್ಲವರು ಕಳ್ಳು ಇಳಿಸುವ ಮೂರ್ತೆ ಕೆಲಸ ಮಾಡಬಾರದೆಂದು ಮಿಷನ್ನೇ ಹೇಳಿ ಅವರ ಹೊಟ್ಟೆಯ ದಾರಿ ಮುಚ್ಚಿತು, ಇದು ಮಿಷನ್ನಿನ ಹಟಮಾರಿತನ. ಹೀಗೆ ಕೆಲಸ ಕಳೆದುಕೊಂಡವರಿಗೆ ನೇಯ್ಗೆ, ಹಂಚು, ಮುದ್ರಣದ ಕೆಲಸ ಹುಡುಕಬೇಕಾಯಿತು. ಮತಾಂತರಕ್ಕೆ ಕಾರ್ಖಾನೆ ಕಾರಣವಲ್ಲ, ಮತಾಂತರಗೊಂಡವರ ಮೇಲೆ ಬಿದ್ದ ಬಹಿಷ್ಕಾರ ಕಾರ್ಖಾನೆಗೆ ಕಾರಣ.

ಮಿಷನರಿಗಳ ಪರ ವಾದಿಸುವವರು ತಟ್ಟನೆ ಕಿಟೆಲ್ ಹೆಸರು ಹೇಳುತ್ತಾರೆ: 1894ರ ನಿಘಂಟು ಕೊಟ್ಟರಲ್ಲ, ಅಚ್ಚುಕೂಟ ತಂದರಲ್ಲ, ಋಣ ಬೇಡವೇ? ಋಣ ಇದೆ. ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ನಿಘಂಟು ಬರೆದವನು ಒಳ್ಳೆಯವನಾದ್ದರಿಂದ ಮತಾಂತರವೂ ಒಳ್ಳೆಯದು ಎನ್ನುವುದೂ ಮತ ಬದಲಿಸಿದವನನ್ನು ಮತ್ತೆ ಬದಿಗೆ ಸರಿಸುವ ಮಾತೇ. ಗೋವೆಯ ಕಥೆಯನ್ನು ಇಲ್ಲಿ ಬೆರೆಸುವುದೂ ಸರಿಯಲ್ಲ. ಪೋರ್ಚುಗೀಸರ ಆಳ್ವಿಕೆಯಲ್ಲಿ ದೇವಸ್ಥಾನ ಒಡೆದರು, 1560ರಿಂದ ಇನ್‌ಕ್ವಿಸಿಷನ್ ನಡೆಸಿದರು. ದೇವರ ಮೂರ್ತಿ ಹೊತ್ತು ಕರಾವಳಿಗೆ ಓಡಿಬಂದವರ ನೆನಪು ನಿಜ, ನೋವು ನಿಜ. ಅದು ರಾಜಸತ್ತೆ ಕತ್ತಿ ಹಿಡಿದು ಮಾಡಿದ ಕೆಲಸ. ಆ ಪಾಪವನ್ನು ಮುನ್ನೂರು ವರ್ಷದ ನಂತರ ಸ್ಲೇಟು ಬಳಪ ಹಿಡಿದು ಬಂದವರ ತಲೆಗೆ ಕಟ್ಟಿದರೆ ಎರಡೂ ಚರಿತ್ರೆಗಳು ಕೆಡುತ್ತವೆ.

ಮುಗ್ಧರು ಎಂಬ ಮಾತನ್ನು ಆಡಿದವರಲ್ಲಿ ಎಲ್ಲರಿಗಿಂತ ದೊಡ್ಡವರು ಗಾಂಧೀಜಿ. 1936ರಲ್ಲಿ, ಅಂಬೇಡ್ಕರರು ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಘೋಷಿಸಿದ ಮರುವರ್ಷ, ಅಮೆರಿಕದ ಮಿಷನರಿ ಮುಖಂಡ ಜಾನ್ ಮಾಟ್ ಗಾಂಧೀಜಿಯನ್ನು ಭೇಟಿಯಾದ. ಹರಿಜನರಿಗೆ ಏಸು, ಮಹಮ್ಮದ್, ನಾನಕ್ ಇವರ ನಡುವಿನ ವ್ಯತ್ಯಾಸ ಅರಿಯುವ ಬುದ್ಧಿ ಇಲ್ಲ, ಹಸುವಿಗೆ ಸುವಾರ್ತೆ ಸಾರುತ್ತೀರಾ ಎಂಬರ್ಥದ ಮಾತನ್ನು ಗಾಂಧೀಜಿ ಆಡಿದರು. ಅದು ‘ಹರಿಜನ’ ಪತ್ರಿಕೆಯಲ್ಲಿ ಅಚ್ಚಾಯಿತು. ಗಾಂಧೀಜಿಯ ಬಗ್ಗೆ ನನಗಿರುವ ಗೌರವ ಸಣ್ಣದಲ್ಲ. ಅಸ್ಪೃಶ್ಯತೆಯ ವಿರುದ್ಧ ಅವರು ನಡೆದ ದಾರಿ ನಮ್ಮಲ್ಲಿ ಅನೇಕರು ಕನಸಿನಲ್ಲೂ ನಡೆಯಲಾರದ್ದು. ಆದರೂ ಹೇಳಲೇಬೇಕು, ಆ ಮಾತು ತಪ್ಪು, ಘೋರ ತಪ್ಪು. ಪೆರಯ್ಯನಿಗೆ ವ್ಯತ್ಯಾಸ ತಿಳಿದಿತ್ತು. ಕೊಲಂಬಿಯದಲ್ಲಿ ಓದಿದ ಅಂಬೇಡ್ಕರರು ಇಪ್ಪತ್ತೊಂದು ವರ್ಷ ಒಂದೊಂದೇ ಧರ್ಮವನ್ನು ತೂಗಿ ನೋಡಿ, 1956ರಲ್ಲಿ ಬುದ್ಧನನ್ನು ಆರಿಸಿಕೊಂಡರು. ಆಯ್ಕೆ ಮಾಡುವ ಬುದ್ಧಿ ಇಲ್ಲವೆಂದು ಒಂದು ಜನವರ್ಗದ ಬಗ್ಗೆ ಹೇಳಿದ ಮೇಲೆ, ಅವರು ನಮ್ಮಲ್ಲೇ ಉಳಿದದ್ದನ್ನಾದರೂ ಆಯ್ಕೆ ಎಂದು ಹೇಗೆ ಹೇಳುತ್ತೀರಿ?

ಪಂಡಿತಾ ರಮಾಬಾಯಿಯವರ ಹೆಸರು ಈ ಚರ್ಚೆಗಳಲ್ಲಿ ಕೇಳಿಬರುವುದೇ ಇಲ್ಲ. ಅವರು ನಮ್ಮವರೇ. ಅನಂತಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರು ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸಂಪ್ರದಾಯಸ್ಥರ ವಿರೋಧ ಎದುರಿಸಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದ್ದರು. ಅಲ್ಲಿ 1858ರಲ್ಲಿ ರಮಾ ಹುಟ್ಟಿದರು. ಮಿಷನ್ ಶಾಲೆಯ ಮೆಟ್ಟಿಲು ಹತ್ತಲಿಲ್ಲ, ತಾಯಿಯಿಂದ ಸಂಸ್ಕೃತ ಕಲಿತರು. ದೇಶ ಸುತ್ತಿ ಪುರಾಣ ಹೇಳಿದರು. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡರು. 1878ರಲ್ಲಿ ಕಲ್ಕತ್ತೆಯ ಪಂಡಿತರು ಅವರಿಗೆ ‘ಪಂಡಿತಾ’, ‘ಸರಸ್ವತಿ’ ಎಂದು ಬಿರುದಿತ್ತರು. ಶಾಸ್ತ್ರಗ್ರಂಥಗಳನ್ನು ಓದುತ್ತ ಹೋದಂತೆ ಅವುಗಳಲ್ಲಿ ಹೆಂಗಸಿನ ಬಗ್ಗೆ ಇರುವ ಮಾತುಗಳು ಅವರನ್ನು ಚುಚ್ಚಿದವು. ಗಂಡ ತೀರಿಕೊಂಡ ಮರುವರ್ಷ, 1883ರಲ್ಲಿ, ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆ ನಂತರವೂ ಯಾರ ಕೈಗೊಂಬೆಯಾಗಲಿಲ್ಲ. ತ್ರಿಮೂರ್ತಿತ್ವದ ಸಿದ್ಧಾಂತವನ್ನು ಕಣ್ಮುಚ್ಚಿ ಒಪ್ಪಲಿಲ್ಲ, ಬಿಷಪ್ಪರ ಅಧಿಕಾರಕ್ಕೆ ತಲೆಬಾಗಲಿಲ್ಲ, ತಮ್ಮನ್ನು ಸಾಕಿದ ಸನ್ಯಾಸಿನಿಯರ ಜೊತೆ ಪತ್ರದಲ್ಲಿ ವರ್ಷಗಟ್ಟಲೆ ಜಗಳವಾಡಿದರು. ಹಿಂದಿರುಗಿ ಬಂದು ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1893ರಲ್ಲಿ ಅಲ್ಲಿಯ ಕೆಲವರು ಅವರ ಪ್ರಾರ್ಥನೆಯ ಕಡೆ ಒಲಿದಾಗ ರಾನಡೆ, ಭಂಡಾರ್ಕರರಂಥ ಸುಧಾರಕರೂ ಸಲಹಾ ಸಮಿತಿ ಬಿಟ್ಟರು, ತಿಲಕರ ‘ಕೇಸರಿ’ ದಾಳಿ ನಡೆಸಿತು. ತಲೆ ಬೋಳಿಸಿ ಮೂಲೆಗೆ ತಳ್ಳಿದ್ದ ಹುಡುಗಿಯರು ಅಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದಿದ್ದರು. ಆ ಮೂಲೆಯ ಬಗ್ಗೆ ಇಷ್ಟು ಸಿಟ್ಟು ಯಾರಿಗೂ ಬಂದಿರಲಿಲ್ಲ.

ಇಂದಿನ ಕೆಲವು ಪ್ರಚಾರಕರ ನಡವಳಿಕೆಯನ್ನು ನಾನು ಸಮರ್ಥಿಸುತ್ತಿಲ್ಲ. ಕ್ಯಾನ್ಸರ್ ವಾಸಿಯಾಗುತ್ತದೆ, ಕುರುಡನಿಗೆ ಕಣ್ಣು ಬರುತ್ತದೆ ಎಂದು ಸಭೆ ಕಟ್ಟಿ ನಂಬಿಸುವುದು ವಂಚನೆ; ಅದಕ್ಕೆ ಶಿಕ್ಷೆಯಾಗಲಿ. ನಮ್ಮ ದೈವ ದೇವರುಗಳನ್ನು ಸೈತಾನನೆಂದು ಹಳಿಯುವುದು ಅಸಹ್ಯ. ಚರ್ಚಿನೊಳಗೂ ಜಾತಿ ಹೊಕ್ಕಿದೆ. ತಮಿಳುನಾಡಿನಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನ ಇರುವ ಊರುಗಳಿವೆ. ಮತ ಬದಲಿಸಿದವನಿಗೆ ಕೊಟ್ಟ ಮಾತನ್ನು ಚರ್ಚೂ ಪೂರ್ತಿ ನಡೆಸಲಿಲ್ಲ.

ಆದರೆ ಆಮಿಷದ ಲೆಕ್ಕವನ್ನು ಒಮ್ಮೆ ನೇರವಾಗಿ ಮಾಡಿ ನೋಡಿ. 1950ರ ರಾಷ್ಟ್ರಪತಿ ಆದೇಶದಂತೆ, ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಆ ಜಾತಿಯ ಮೀಸಲಾತಿ ಕಳೆದುಕೊಳ್ಳುತ್ತಾನೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ಸಿಕ್ಕಿತು, ಕ್ರೈಸ್ತರಿಗಿಲ್ಲ. ಸರ್ಕಾರಿ ನೌಕರಿ, ಹಾಸ್ಟೆಲ್, ಮೀಸಲು ಕ್ಷೇತ್ರ ಎಲ್ಲವನ್ನೂ ಬಿಟ್ಟು ಒಬ್ಬ ದಲಿತ ಚರ್ಚಿಗೆ ಹೋದರೆ ಅದು ಹಣದ ಆಸೆಯೇ? ಇಷ್ಟು ಶತಮಾನದ ಶಾಲೆ, ಆಸ್ಪತ್ರೆ, ವಿದೇಶಿ ಹಣದ ಫಲ ಜನಗಣತಿಯಲ್ಲಿ ಕಾಣಬೇಕಲ್ಲ. ದೇಶದಲ್ಲಿ ಕ್ರೈಸ್ತರ ಪ್ರಮಾಣ 1951ರಲ್ಲೂ ಶೇ. 2.3, 2011ರಲ್ಲೂ ಶೇ. 2.3. ಕರ್ನಾಟಕದಲ್ಲಿ 2001ರಲ್ಲಿ ಶೇ. 1.91 ಇದ್ದದ್ದು 2011ರಲ್ಲಿ ಶೇ. 1.87ಕ್ಕೆ ಇಳಿಯಿತು.

ಮತಾಂತರಕ್ಕೆ ನಿಜವಾದ ಉತ್ತರ ಕೊಟ್ಟ ಹಿಂದೂಗಳು ಇದ್ದರು, ನಮ್ಮ ಮಂಗಳೂರಿನಲ್ಲೇ ಇದ್ದರು. ಕುದ್ಮುಲ್ ರಂಗರಾವ್ 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅವರ ಸ್ವಂತ ಸಾರಸ್ವತ ಸಮಾಜ ಅವರನ್ನು ದೂರವಿಟ್ಟಿತು. ದೇವಸ್ಥಾನದೊಳಗೆ ಪ್ರವೇಶವಿಲ್ಲದಿದ್ದ ಬಿಲ್ಲವರು ನಾರಾಯಣ ಗುರುಗಳನ್ನು ಕರೆಸಿದರು, 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಒಂದು ದೊಡ್ಡ ಸಮುದಾಯ ತನ್ನದೇ ಗರ್ಭಗುಡಿಯ ಎದುರು ತಲೆಯೆತ್ತಿ ನಿಂತಿತು. ಇವರಿಬ್ಬರೂ ಪಾದ್ರಿಯ ವಿರುದ್ಧ ಭಾಷಣ ಮಾಡಿ ಕಾಲ ಕಳೆಯಲಿಲ್ಲ, ಪಾದ್ರಿ ತೆರೆದ ಬಾಗಿಲಿನ ಪಕ್ಕದಲ್ಲಿ ತಮ್ಮದೊಂದು ಬಾಗಿಲು ತೆರೆದರು. ಅಂಥವರು ಎಷ್ಟು ಮಂದಿ ಸಿಕ್ಕರು ನಮಗೆ?

ನಾವು ಕೊಟ್ಟ ಉತ್ತರ ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆ. ಅದು ಆಮಿಷದ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆಯ ಶಾಲೆ ಕಾಲೇಜಿನ ಉಚಿತ ಶಿಕ್ಷಣವನ್ನು ಸೇರಿಸಿತು. ಮತ ಬದಲಿಸುವವನು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಆ ಸುದ್ದಿ ಕಚೇರಿಯ ಫಲಕದ ಮೇಲೆ ಅಂಟಬೇಕು, ಆಕ್ಷೇಪ ಕರೆಯಬೇಕು ಎಂದಿತು. ಕೌಂಡಿನ್ಯರು ಎದುರಿಸಿದ ಊರನ್ನು ಸರ್ಕಾರವೇ ಸೇರಿಸಿ ಕೊಟ್ಟಂತೆ. ಹೆಚ್ಚಿನ ಶಿಕ್ಷೆ ಯಾರನ್ನು ಮತಾಂತರಿಸಿದರೆ ಎಂಬ ಸಾಲಿನಲ್ಲಿ ಅಪ್ರಾಪ್ತ ವಯಸ್ಕರು, ಬುದ್ಧಿಸ್ಥಿಮಿತ ಇಲ್ಲದವರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು ಒಟ್ಟಿಗೆ ಇದ್ದಾರೆ. 2023ರ ಜೂನಿನಲ್ಲಿ ಹೊಸ ಸಚಿವ ಸಂಪುಟ ಕಾಯ್ದೆಯನ್ನು ಹಿಂತೆಗೆಯಲು ತೀರ್ಮಾನಿಸಿತು, ಆದರೆ ಅದರ ಹಿಂದಿನ ನಂಬಿಕೆಯನ್ನು ಯಾವ ಸಂಪುಟವೂ ಹಿಂತೆಗೆಯಲಾರದು. ಒಬ್ಬ ಮಹಿಳೆಯನ್ನು, ಒಬ್ಬ ದಲಿತನನ್ನು ಬುದ್ಧಿ ಬೆಳೆಯದ ಮಗುವಿನ ಪಕ್ಕದಲ್ಲಿ ಕೂರಿಸಿದ ಆ ಸಾಲನ್ನು ಹಿಂದೂ ಧರ್ಮದ ರಕ್ಷಣೆ ಎಂದು ಕರೆಯುವವರು, ಗಂಗಾಮೂಲದ ಕಾಡಿನಲ್ಲಿ ಹುಟ್ಟಿ ಕಲ್ಕತ್ತೆಯ ಪಂಡಿತರಿಂದ ಬಿರುದು ಪಡೆದ ಹೆಂಗಸನ್ನು ಅದರ ಯಾವ ಕಲಮಿನಡಿ ಸೇರಿಸುತ್ತಾರೆಂದು ಹೇಳಲಿ.